ಕೂಗುವ ಥರ್ಮಾಮೀಟರು

ಮೂರನೇ ಡ್ರಮ್ಮಿನ ಮೇಣ ಹಳದಿಗೆ ತಿರುಗಿತು. ಮುಂದಿನ ಅನರ್ಥಗಳಿಗೆಲ್ಲ ಮೂಲ ಅಷ್ಟೇ.

ನೆಲಕ್ಕೆ ಹಚ್ಚುವ ಪಾಲಿಶ್ ತಯಾರಿಸುವ ಆ ಸಣ್ಣ ಕಾರ್ಖಾನೆಯಲ್ಲಿ ಕಬ್ಬಿಣದ ಡ್ರಮ್ಮುಗಳು ಸಾಲಾಗಿ ನಿಂತಿದ್ದವು. ಪ್ರತಿಯೊಂದರ ಸುತ್ತ ಕರೆಂಟಿನಿಂದ ಕಾಯುವ ದಪ್ಪ ಹೊದಿಕೆ. ಕೆಲಸಗಾರರು ಅದಕ್ಕೆ ಸ್ವೆಟರು ಎಂದು ಹೆಸರಿಟ್ಟಿದ್ದರು. ಒಳಗೆ ಕರಗಿದ ಮೇಣ. ಮೇಣದ ಸ್ವಭಾವವೆಂದರೆ ಹೊಸ ಅಳಿಯನ ಸ್ವಭಾವ: ತುಸು ತಣ್ಣಗಾದರೆ ಬಿಗಿದುಕೊಳ್ಳುತ್ತದೆ, ತುಸು ಬಿಸಿಯಾದರೆ ಹೊಗೆಯಾಡುತ್ತದೆ. ಎಂಬತ್ತು ಡಿಗ್ರಿಯ ಆಸುಪಾಸಿನಲ್ಲಿ ಅದನ್ನು ಓಲೈಸಿ ಇಟ್ಟುಕೊಳ್ಳುವುದು ಡ್ರಮ್ಮು ಕಾಯುವವನ ಕೆಲಸ. ಅವನ ಕೈಯಲ್ಲಿದ್ದದ್ದು ಊಟದ ತಟ್ಟೆಯಷ್ಟು ಅಗಲ ಮುಖದ, ಅಜ್ಜನ ಕಾಲದ ಒಂದೇ ಒಂದು ಥರ್ಮಾಮೀಟರು. ಹಳದಿ ಮೇಣಕ್ಕೆ ಯಾರು ಹೊಣೆ ಎಂಬ ವಿಚಾರಣೆ ನಡೆದಾಗ ಮನುಷ್ಯರೆಲ್ಲ ಬಾಯಿ ಬಿಟ್ಟು ತಮ್ಮ ತಮ್ಮ ತಪ್ಪಿಲ್ಲವೆಂದು ಸಾಧಿಸಿದರು. ಥರ್ಮಾಮೀಟರಿಗೆ ಬಾಯಿಲ್ಲ. ಆದ್ದರಿಂದ ತಪ್ಪು ಅದರದೇ ಎಂದು ತೀರ್ಮಾನವಾಗಿ, ಅದನ್ನು ಗುಜರಿಗೆ ಹಾಕಲಾಯಿತು.

"ನಾಳೆ ಮೂವರು ಮಾರಾಟಗಾರರು ಬರ್ತಾರೆ. ಸಾಯಂಕಾಲ ಬಾಗಿಲು ಹಾಕೋದ್ರೊಳಗೆ ಒಂದನ್ನ ಆರಿಸಿ ನನ್ನ ಮುಂದೆ ಇಡು," ಎಂದು ಮ್ಯಾನೇಜರು ಉಗ್ರಾಣಿಗೆ ಆಜ್ಞಾಪಿಸಿದರು.

ಉಗ್ರಾಣದ ಬೀಗದಕೈ ಹಿಡಿದವನಾದ್ದರಿಂದ ಅವನನ್ನು ಎಲ್ಲರೂ ಉಗ್ರಾಣಿ ಎಂದೇ ಕರೆಯುತ್ತಿದ್ದರು. ವಯಸ್ಸು ನಲವತ್ತು ದಾಟಿತ್ತು, ಮದುವೆಯ ಮಾತು ಅವನನ್ನು ದಾಟಿ ಹೋಗಿತ್ತು. ಅಕ್ಕನ ಮನೆಯಲ್ಲೇ ವಾಸ. ಅಕ್ಕನ ಗಂಡನೇ ಆ ಡ್ರಮ್ಮು ಕಾಯುವವನು. ಒಂದೇ ಮನೆ, ಒಂದೇ ಕಾರ್ಖಾನೆ. ಆದರೆ ಭಾವ ಭಾವಮೈದುನರ ನಡುವೆ ಮಾತಿಲ್ಲ. ಮನೆಯಲ್ಲಿ ಅಕ್ಕ ದುಭಾಷಿ, ಕಾರ್ಖಾನೆಯಲ್ಲಿ ಮೇಸ್ತ್ರಿ.

ಮಾತು ನಿಂತದ್ದು ಅಮ್ಮ ತೀರಿಕೊಂಡ ದಿನ. ಮಗನಿಗಿಂತ ಒಂದು ಕೈ ಹೆಚ್ಚಾಗಿ ಅಳಿಯನನ್ನು ಹಚ್ಚಿಕೊಂಡಿದ್ದ ಆಕೆ, ಕೊನೆಯ ಸಂಜೆ ದೂರದ ಆಸ್ಪತ್ರೆಯ ಹಾಸಿಗೆಯಿಂದ "ಅಳಿಯಂದ್ರು ಬಂದ್ರಾ?" ಎಂದು ಬಾಗಿಲನ್ನೇ ನೋಡುತ್ತಿದ್ದಳು. ಹೇಳಿಕಳಿಸಿದರೂ ಭಾವ ಬಂದದ್ದು ಎಲ್ಲ ಮುಗಿದ ಮೇಲೆ. "ಡ್ರಮ್ಮು ಬಿಟ್ಟು ಬರೋಕಾಗಲಿಲ್ಲ," ಎಂದ. ಉಗ್ರಾಣಿ ನೆರೆದವರ ಎದುರಿನಲ್ಲೇ, "ನಿಮಗೆ ನಮ್ಮಮ್ಮನಿಗಿಂತ ಮೇಣ ಹೆಚ್ಚಾಯ್ತು," ಎಂದುಬಿಟ್ಟ. ಭಾವ ತಲೆ ತಗ್ಗಿಸಿದ. ಆಮೇಲೆ ಇಬ್ಬರ ನಡುವೆ ಮೌನ ಬಂದು ಕುಳಿತದ್ದು, ಬಾಡಿಗೆ ಕೊಡದ ಬಿಡಾರದವನಂತೆ ಏಳಲೇ ಇಲ್ಲ.

ಮಾರಾಟಗಾರರು ಬರುವ ದಿನ ಬೆಳಿಗ್ಗೆ ಅಕ್ಕ ಅಡುಗೆಮನೆಯ ಬಾಗಿಲು ಸರಿಸಿ ತಮ್ಮನ ತೋಳು ಹಿಡಿದಳು.

"ನಿಮ್ಮ ಕಾರ್ಖಾನೆ ಲೆಕ್ಕಿಗರ ಹೆಂಡತಿ ನಿನ್ನೆ ಗೋಡೆ ಮೇಲಿಂದ ಹೇಳಿದ್ಲು ಕಣೋ. ಕೂಗೋ ಥರ್ಮಾಮೀಟರು ಅಂತ ಒಂದು ಬರ್ತಿದೆಯಂತೆ. ಬಿಸಿ ಹೆಚ್ಚಾದ್ರೆ ತಾನೇ ಗಂಟೆ ಹೊಡ್ಕೊಳ್ಳುತ್ತಂತೆ. ಅದು ಬಂದ್ಮೇಲೆ ಕಾಯೋ ಮನುಷ್ಯ ಯಾಕೆ? ನಿಮ್ಮ ಭಾವನ್ನ ಮನೆಗೆ ಕಳಿಸ್ತಾರೆ ಅಂದ್ಲು."

"ಅವಳಿಗೇನು ಗೊತ್ತು? ಅವಳ ಗಂಡನಿಗೇ ಏನೂ ಗೊತ್ತಿರಲ್ಲ."

"ಆರಿಸೋನು ನೀನಂತೆ. ಕಣ್ಣಿಂದ ನೋಡೋ ಅಂಥದ್ದನ್ನೇ ಆರಿಸು. ನೋಡೋಕೆ ಒಬ್ಬ ಮನುಷ್ಯ ಬೇಕಾಗ್ಲಿ. ಆ ಕೆಲಸ ಹೋದ್ರೆ ಅವರು ಉಳಿಯಲ್ಲ ಕಣೋ. ಈಗಲೇ ಅರ್ಧ ಆಗಿದ್ದಾರೆ. ಸಂಜೆ ಬಂದವರು ದೀಪಾನೂ ಹಾಕ್ಕೊಳ್ಳದೆ ಕತ್ತಲಲ್ಲೇ ಕೂತಿರ್ತಾರೆ. ಕೇಳಿದ್ರೆ ಏನೂ ಇಲ್ಲ ಅಂತಾರೆ."

"ನನ್ನ ಮೇಲಿನ ಸಿಟ್ಟಿಗೆ ಕತ್ತಲಲ್ಲಿ ಕೂತ್ಕೊಂಡ್ರೆ ನಾನೇನ್ ಮಾಡ್ಲಿ?"

"ನೀನು ಅವರ ಹತ್ತಿರ ಮಾತಾಡ್ಬೇಡ, ನಾನು ಕೇಳಲ್ಲ. ಇದೊಂದು ಮಾಡು," ಎಂದು ಅಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಉಗ್ರಾಣಿಯ ಮನಸ್ಸು ಮೇಣಕ್ಕಿಂತ ಕಡಿಮೆ ಉಷ್ಣದಲ್ಲಿ ಕರಗುವಂಥದು. "ಆಯ್ತು ಬಿಡು," ಎಂದ.

ಜಗುಲಿಯ ಮೇಲೆ ಎರಡು ಊಟದ ಡಬ್ಬಿಗಳಿದ್ದವು. ಒಂದರ ಹಿಡಿಗೆ ಹಗ್ಗದ ಗಂಟು. ತನ್ನ ಡಬ್ಬಿಗೆ ಗಂಟು ಹಾಕಿಕೊಡೆಂದು ಭಾವನೇ ಈಚೆಗೆ ಅಕ್ಕನನ್ನು ಕೇಳಿದ್ದನಂತೆ. ತನ್ನ ಡಬ್ಬಿ ಮುಟ್ಟುವುದೂ ಅವನಿಗೆ ಅಸಹ್ಯವಾಯಿತೇ ಎಂದು ಉಗ್ರಾಣಿ ಅಂದಿನಿಂದ ನೊಂದುಕೊಂಡಿದ್ದ. ಈಗ ಭಾವ ಬಂದು ಎರಡೂ ಹಿಡಿಗಳನ್ನು ಸವರಿ, ಗಂಟಿನದನ್ನು ಎತ್ತಿಕೊಂಡು, ಭಾವಮೈದುನನತ್ತ ತಿರುಗಿಯೂ ನೋಡದೆ ಹೊರಟುಹೋದ.

ದಾರಿಯಲ್ಲಿ ಇನ್ನೂ ಒಂದು ಅವಮಾನ ಕಾದಿತ್ತು. ಅಕ್ಕನಿಗೆ ಮಾತು ಕೊಟ್ಟ ಹುರುಪಿನಲ್ಲಿ ಉಗ್ರಾಣಿ ಓಣಿಯ ಅಡ್ಡದಾರಿ ಹಿಡಿದು ಮುಂದೆ ಬಂದು, ಇಂದಾದರೂ ಒಂದು ನಗೆ ನಕ್ಕುಬಿಡೋಣವೆಂದು ಎದುರಿಗೆ ನಿಂತ. ನಕ್ಕ ಕೂಡ. ಗೋಡೆಯ ಬದಿ ಹಿಡಿದು ಬರುತ್ತಿದ್ದ ಭಾವ ದೀಪದ ಕಂಬವನ್ನು ಸುತ್ತಿ ದಾರಿ ಬಿಟ್ಟ. ಭಾವಮೈದುನನಿಗೆ ಮಾತ್ರ ಭುಜ ತಾಗಿಸಿ ಮುಂದೆ ನಡೆದ. ಕಂಬಕ್ಕಿರುವ ಮರ್ಯಾದೆಯೂ ತನಗಿಲ್ಲವಾಯಿತೇ ಎಂದು ಉಗ್ರಾಣಿ ತನ್ನ ನಗೆಯನ್ನು ಮಡಚಿ ಒಳಗಿಟ್ಟುಕೊಂಡ.

ಕಾರ್ಖಾನೆಯಲ್ಲಿ ಆಗಲೇ ಸಂತೆ ನೆರೆದಿತ್ತು. ಡ್ರಮ್ಮಿನ ಶೆಡ್ಡಿಗೆ ಎಂದೂ ಕಾಲಿಡದ ಲೆಕ್ಕಿಗರು ಮೊದಲ ಸಾಲಿನಲ್ಲಿದ್ದರು. ಪರೀಕ್ಷಾ ಕೋಣೆಯ ಮೇಡಂ ಬಿಳಿ ಕೋಟು ತೊಟ್ಟು ತೀರ್ಪುಗಾರರಂತೆ ನಿಂತಿದ್ದರು. ಮೇಸ್ತ್ರಿ ಎರಡು ಕೈಗಳನ್ನೂ ಹಿಂದಕ್ಕೆ ಕಟ್ಟಿಕೊಂಡು, ಮದುವೆಯಲ್ಲಿ ವರನ ತಂದೆ ನಿಲ್ಲುವಂತೆ ನಿಂತಿದ್ದ.

ಮೊದಲು ಹೊರಬಂದದ್ದು ಪಿಸ್ತೂಲಿನ ಆಕಾರದ ಥರ್ಮಾಮೀಟರು. ಮುಟ್ಟುವ ಗೊಡವೆಯಿಲ್ಲ; ಗುರಿಯಿಟ್ಟು ಒತ್ತಿದರೆ ಸಾಕು, ಬಿಸಿ ಎಷ್ಟೆಂದು ಹೇಳುತ್ತದೆ. ಲೆಕ್ಕಿಗರು ಅದನ್ನು ಕಸಿದುಕೊಂಡು ಮೇಸ್ತ್ರಿಯ ಹಣೆ, ಮೇಡಂ ಅವರ ಟೀ ಲೋಟ, ಬೆಕ್ಕು, ಹೀಗೆ ಕಂಡಕಂಡದ್ದಕ್ಕೆಲ್ಲ ಗುರಿಯಿಟ್ಟರು.

"ಇದೇ ಇರಲಿ ಕಣಯ್ಯಾ ಉಗ್ರಾಣಿ! ಎಷ್ಟು ಚೆನ್ನಾಗಿದೆ!"

"ಸ್ವಲ್ಪ ಡ್ರಮ್ಮಿಗೂ ಗುರಿಯಿಡಿ, ಲೆಕ್ಕದವ್ರೇ. ತಗೊಳ್ತಿರೋದು ಬೆಕ್ಕಿಗಲ್ಲ," ಎಂದರು ಮೇಡಂ.

ಸ್ವೆಟರಿನಿಂದ ಮೇಲೆ ಚಾಚಿದ್ದ ಡ್ರಮ್ಮಿನ ಹೊಳೆಯುವ ಅಂಚಿಗೆ ಗುರಿಯಿಟ್ಟಾಗ ಅದು ಇಪ್ಪತ್ತೊಂಬತ್ತು ಎಂದಿತು. ಅನುಮಾನದಿಂದ ಬೆರಳಿಟ್ಟ ಮೇಸ್ತ್ರಿ ಹೌಹಾರಿ ಬೆರಳನ್ನು ಬಾಯಿಗಿಟ್ಟುಕೊಂಡ. ಹೊಳೆಯುವ ಲೋಹ ಈ ಪಿಸ್ತೂಲಿಗೆ ಕನ್ನಡಿಯಿದ್ದಂತೆ, ತನ್ನ ಬಿಸಿಯ ಬದಲು ಎದುರಿಗಿರುವುದರ ಬಿಸಿಯನ್ನು ತೋರಿಸುತ್ತದೆ, ಕಪ್ಪು ಪಟ್ಟಿ ಅಂಟಿಸಿ ಅಳೆಯಬೇಕು ಎಂದು ಮೇಡಂ ವಿವರಿಸಿದರು. "ಹಾಗಾದ್ರೆ ಅದು ತೋರಿಸಿದ್ದು ಲೆಕ್ಕದವರ ಮುಖದ ಬಿಸಿ," ಎಂದ ಮೇಸ್ತ್ರಿ ಬೆರಳು ಬಾಯಿಂದ ತೆಗೆಯದೆಯೇ. ಪಿಸ್ತೂಲು ಚೀಲ ಸೇರಿತು.

ಉಳಿದವು ಎರಡು. ಒಂದು, ಉದ್ದ ಕಡ್ಡಿಯ ತುದಿಗೆ ಗುಂಡು ಮುಖ; ಕಡ್ಡಿಯನ್ನು ಮೇಣದೊಳಗೆ ಇಳಿಸಿ, ಮುಖದ ಮೇಲಿನ ಮುಳ್ಳು ನೋಡಬೇಕು. ಮುಖವೆಂದರೆ ಬಿಸ್ಕತ್ತಿನಷ್ಟು, ಅಂಕಿಗಳೆಂದರೆ ಇರುವೆಯಷ್ಟು. ಎರಡನೆಯದು, ತಂತಿಯ ತುದಿಯಲ್ಲಿ ಮೇಣಕ್ಕಿಳಿಸುವ ಸಣ್ಣ ಸರಳು. ತಂತಿಯ ಇನ್ನೊಂದು ತುದಿಗೆ ಗೋಡೆಯ ಮೇಲೊಂದು ಪೆಟ್ಟಿಗೆ. ಬಿಸಿ ಮಿತಿ ಮೀರಿದರೆ ಕೂಗು. ಅದನ್ನು ತಂದವನು ಮೊಣಕೈ ಸವೆದ ಕೋಟು ತೊಟ್ಟ, ಬಾಡಿದ ಮುಖದ ಮಾರಾಟಗಾರ. ಆತ ಪೆಟ್ಟಿಗೆಯನ್ನು ಹಸುಗೂಸಿನಂತೆ ಎತ್ತಿಕೊಂಡಿದ್ದ.

ಭಾವ ತನ್ನ ಸ್ಟೂಲಿನಿಂದ ಎದ್ದು ನಿಂತ.

"ಮೇಸ್ತ್ರಿಗಳೇ, ಉಗ್ರಾಣದವರಿಗೆ ಹೇಳಿ. ಕೂಗೋದೇ ಒಳ್ಳೇದು."

ಉಗ್ರಾಣಿ ಮಾರು ದೂರದಲ್ಲೇ ಇದ್ದ. "ಮೇಸ್ತ್ರಿಗಳೇ, ಡ್ರಮ್ಮಿನವರಿಗೆ ಹೇಳಿ. ಆರಿಸೋಕೆ ನನ್ನನ್ನ ನೇಮಿಸಿದ್ದಾರೆ ಅಂತ."

"ಇಬ್ಬರೂ ಕೇಳಿಸ್ಕೊಂಡ್ರಲ್ಲ, ಮತ್ತೆ ನಾನು ಹೇಳೋದೇನು?" ಎಂದ ಮೇಸ್ತ್ರಿ. ಆದರೂ ವಾಡಿಕೆ ತಪ್ಪಿಸಬಾರದೆಂದು ಎರಡನ್ನೂ ಗಂಭೀರವಾಗಿ ದಾಟಿಸಿದ.

ಉಗ್ರಾಣಿಗೆ ತಲೆ ಬುಡ ಅರ್ಥವಾಗಲಿಲ್ಲ. ಕೂಗುವುದು ಬಂದರೆ ಕೆಲಸ ಹೋಗುವುದು ಇವನದೇ. ಎದುರಿನವನಿಗೆ ಅಪಶಕುನವಾಗಲೆಂದು ತನ್ನ ಮೂಗನ್ನೇ ಕೊಯ್ದುಕೊಳ್ಳುವ ಜಾತಿ! ನಾನು ಬೇಡವೆನ್ನುವುದನ್ನು ಬೇಕೆನ್ನಬೇಕು, ಅಷ್ಟೇ ಇವನ ಹಟ. ಇರಲಿ, ಮೂಗು ಕೊಯ್ದುಕೊಳ್ಳಲು ನಾನು ಬಿಡುವುದಿಲ್ಲ ಎಂದು ಅವನು ಹಲ್ಲು ಕಚ್ಚಿದ.

ಕೋಟಿನವನು ಸರಳನ್ನು ಮೂರನೇ ಡ್ರಮ್ಮಿನ ಮೇಣಕ್ಕಿಳಿಸಿ, ಕೂಗುವ ಮಿತಿಯನ್ನು ತೊಂಬತ್ತಕ್ಕೆ ಕಟ್ಟಿ, ಕೈ ತೊಳೆಯಲು ಹೋದ. ಉಗ್ರಾಣಿ ಅತ್ತಿತ್ತ ನೋಡಿ, ಸರಳನ್ನು ಮೇಣದಿಂದ ಮೆಲ್ಲನೆ ಎತ್ತಿ, ಡ್ರಮ್ಮಿಗೂ ಸ್ವೆಟರಿಗೂ ನಡುವಿನ ಸಂದಿಗೆ ತುರುಕಿದ. ಮೇಣ ಎಂಬತ್ತರಲ್ಲಿದ್ದರೂ ಸ್ವೆಟರಿನ ಒಳಮೈ ಕೆಂಡ. ಅವನು ಕೈ ತೆಗೆಯುವಷ್ಟರಲ್ಲಿ ಪೆಟ್ಟಿಗೆ ಬೊಬ್ಬೆಯಿಟ್ಟಿತು.

ಅಂಥ ಕೂಗನ್ನು ಆ ಶೆಡ್ಡು ಕೇಳಿರಲಿಲ್ಲ. ಲೆಕ್ಕಿಗರು ತಮ್ಮ ಊಟದ ಡಬ್ಬಿಯನ್ನು ಎದೆಗವಚಿಕೊಂಡು ಗೇಟಿನವರೆಗೆ ಓಡಿದರು. ಮಿಕ್ಕ ಆಸ್ತಿಯನ್ನು ತ್ಯಜಿಸಿದ್ದರು. ಮೇಸ್ತ್ರಿ ಮರಳಿನ ಬಕೆಟ್ಟು ಎತ್ತಿ ಬೀಸಿದ. ಅದು ಡ್ರಮ್ಮನ್ನು ಬಿಟ್ಟು, ಓಡೋಡಿ ಬಂದ ಕೋಟಿನವನ ಬೂಟುಗಳನ್ನು ತುಂಬಿತು. ಬೆಕ್ಕು ಮರುದಿನದವರೆಗೆ ಕಾಣಲಿಲ್ಲ.

ಭಾವ ಒಬ್ಬನೇ ಕದಲದೆ ಕುಳಿತಿದ್ದ. ತಲೆ ತುಸು ವಾಲಿಸಿ, ಇಷ್ಟದ ಹಾಡು ಕೇಳುವವನಂತೆ. "ಮೇಸ್ತ್ರಿಗಳೇ," ಎಂದ, "ಇದರ ದನಿ ಎಷ್ಟು ಸ್ಪಷ್ಟವಾಗಿದೆ ಅಂತ ಉಗ್ರಾಣದವರಿಗೆ ಹೇಳಿ. ಮೂಲೆಯಲ್ಲಿ ಕೂತ್ರೂ ಕೇಳಿಸುತ್ತೆ."

"ಸುಮ್ ಸುಮ್ನೆ ಕೂಗಿದೆ ಅಂತ ಹೇಳಿ!" ಎಂದ ಉಗ್ರಾಣಿ.

"ಸುಮ್ನೆ ಕೂಗಲ್ಲ ಅದು. ಸರಳು ಮೇಣದಲ್ಲೇ ಇದೆಯಾ ಅಂತ ಯಾರಾದ್ರೂ ನೋಡಿದ್ರಾ, ಕೇಳಿ."

ಉಗ್ರಾಣಿ ಡ್ರಮ್ಮಿನಿಂದ ಒಂದು ಹೆಜ್ಜೆ ಹಿಂದೆ ಸರಿದ. ಗದ್ದಲದ ಮರೆಯಲ್ಲಿ ಅವನು ಸರಳನ್ನು ಆಗಲೇ ಮೇಣಕ್ಕೆ ಮರಳಿಸಿದ್ದ. ನೋಡಿದವರಿಲ್ಲವೆಂದುಕೊಂಡಿದ್ದ. ಭಾವನೇನೂ ಅವನ ಕಡೆ ನೋಡುತ್ತಿರಲಿಲ್ಲ. ಎದುರಿನ ಗೋಡೆಯನ್ನು ನೋಡುತ್ತಿದ್ದ.

ಆದರೆ ಯುದ್ಧ ಏಕಪಕ್ಷೀಯವಾಗಿರಲಿಲ್ಲ. ಮೇಡಂ ಪರೀಕ್ಷಿಸಲೆಂದು ಗುಂಡು ಮುಖದ್ದನ್ನು ಕೇಳಿದಾಗ ಅದರ ಗಾಜಿನ ಮೇಲೆಲ್ಲ ಮೇಣ ಮೆತ್ತಿಕೊಂಡಿತ್ತು. ಒರೆಸಿ ಇಟ್ಟರೆ ಸ್ವಲ್ಪ ಹೊತ್ತಿನಲ್ಲಿ ಅದೇ ಮಾಯ. ಶೆಡ್ಡನ್ನೆಲ್ಲ ಜಾಲಾಡಿದ ಮೇಲೆ ಅದು ಭಾವನ ಸ್ಟೂಲಿನ ಕೆಳಗೆ, ಹಳೆ ಗೋಣಿಯೊಳಗೆ ಸಿಕ್ಕಿತು. ಕಡ್ಡಿ ಬಿಲ್ಲಿನಂತೆ ಬಾಗಿತ್ತು.

"ಡ್ರಮ್ಮಿನವರಿಗೆ ಕೇಳಿ ಮೇಸ್ತ್ರಿಗಳೇ, ಇದು ಇಲ್ಲಿಗೆ ನಡ್ಕೊಂಡು ಬಂತಾ ಅಂತ!"

"ಕಾಲಿಲ್ಲದ್ದೆಲ್ಲ ಇವತ್ತು ನಡೀತಿದೆ ಅಂತ ಹೇಳಿ, ಮೇಸ್ತ್ರಿಗಳೇ. ಮೇಣದಲ್ಲಿದ್ದ ಸರಳು ಸ್ವೆಟರಿಗೆ ನಡ್ಕೊಂಡು ಹೋಗ್ಲಿಲ್ವಾ, ಹಾಗೇ."

ಮೇಸ್ತ್ರಿ ಇಬ್ಬರ ಮುಖವನ್ನೂ ನೋಡಿ, "ಸ್ವಾಮೀ, ನನ್ನ ಬೆರಳು ಸುಟ್ಟಿದೆ. ಇವತ್ತಿಗೆ ಈ ದುಭಾಷಿ ಕೆಲಸಕ್ಕೆ ರಜೆ ಕೊಡಿ," ಎಂದು ಕೈಮುಗಿದ.

ಊಟದ ಹೊತ್ತಾಯಿತು. ಡಬ್ಬಿಗಳನ್ನು ಡ್ರಮ್ಮುಗಳ ಮುಚ್ಚಳದ ಮೇಲಿಟ್ಟು ಬಿಸಿ ಮಾಡಿಕೊಳ್ಳುವುದು ಅಲ್ಲಿನ ವಾಡಿಕೆ. ಸಂಜೆ ಮನೆಗೆ ಹೋದೊಡನೆ ಅಕ್ಕ ಕೇಳುವ ಮೊದಲ ಪ್ರಶ್ನೆಯೇ "ಡಬ್ಬಿ ಬಿಸಿಯಾಗಿತ್ತಾ?" ಎಂದು. ಅಂದು ಉಗ್ರಾಣಿಗೆ ಊಟ ರುಚಿಸಲಿಲ್ಲ. ಎದುರಿಗೆ ಭಾವ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಗೋಡೆಯತ್ತ ಮುಖ ಮಾಡಿ ಮೆಲ್ಲಗೆ ಉಣ್ಣುತ್ತಿದ್ದ. ಅವನ ಅಂಗಿಯ ಮೇಲೆ ಅನ್ನದ ಅಗುಳು ಬಿದ್ದಿದ್ದು ಅವನಿಗೆ ತಿಳಿದಂತಿರಲಿಲ್ಲ. ಒಂದು ಕ್ಷಣ ಉಗ್ರಾಣಿಗೆ ಎದ್ದು ಹೋಗಿ ಅದನ್ನು ಕೊಡವಬೇಕೆನಿಸಿತು. ಎದ್ದೂ ಎದ್ದ. ಆದರೆ ಮೂರು ವರ್ಷದ ಮೌನ ಅವನ ಅಂಗಿ ಹಿಡಿದು ಕೂರಿಸಿತು.

ಆ ಊಟದ ಬಿಡುವಿನಲ್ಲೇ ಅವನು ಎರಡನೇ ಪಾಪವನ್ನೂ ಮಾಡಿದ. ಬೆಳಿಗ್ಗೆ ಕೋಟಿನವನು ಹೆಮ್ಮೆಯಿಂದ ಪೆಟ್ಟಿಗೆ ಬಿಚ್ಚಿ ತೋರಿಸುತ್ತ ಒಂದು ಮಾತು ಹೇಳಿದ್ದ: "ಈ ಎರಡು ತಂತಿ ಅದಲು ಬದಲಾಗಬಾರದು ಸಾರ್. ಆದ್ರೆ ಬಿಸಿಯಾದಷ್ಟೂ ಇದು ತಣ್ಣಗಾಯ್ತು ಅಂತ ತೋರಿಸುತ್ತೆ." ಮಾರಾಟಗಾರನಿಗೆ ಅಷ್ಟು ಪ್ರಾಮಾಣಿಕತೆ ಇರಬಾರದಿತ್ತು. ಉಗ್ರಾಣಿ ಸ್ಕ್ರೂ ಸಡಿಲಿಸಿದ, ಅದಲು ಬದಲು ಮಾಡಿದ, ಮತ್ತೆ ಬಿಗಿದ.

ಮಧ್ಯಾಹ್ನ ಮ್ಯಾನೇಜರೇ ಶೆಡ್ಡಿಗೆ ಬಂದರು. ಎಲ್ಲರ ಎದುರಿನಲ್ಲಿ ಅಂತಿಮ ಪರೀಕ್ಷೆ. ಮೇಡಂ ಪಾತ್ರೆಯಲ್ಲಿ ನೀರು ಕುದಿಸಿದರು. ಗುಂಡು ಮುಖದ್ದನ್ನು ತಂದಿದ್ದ ಮಾರಾಟಗಾರನ ಬಳಿ ಉಳಿದಿದ್ದ ಇನ್ನೊಂದನ್ನು ಇಳಿಸಿದಾಗ ಅದರ ಮುಳ್ಳು ಶಿಸ್ತಾಗಿ ಏರಿ, ನೂರರ ಹತ್ತಿರ ಬಂದು ನಿಂತಿತು. ಅನಂತರ ಕೋಟಿನವನು ತನ್ನ ಸರಳನ್ನು ಇಳಿಸಿದ. ಪೆಟ್ಟಿಗೆಯ ಅಂಕಿಗಳು ಒಮ್ಮೆ ಮಿಟುಕಿ, ಸರಸರನೆ ಕೆಳಗಿಳಿದು, ಸೊನ್ನೆಯನ್ನೂ ದಾಟಿ ಪಾತಾಳಕ್ಕೆ ಹೊರಟವು.

"ಕುದಿಯೋ ನೀರು ಮಂಜುಗಡ್ಡೆ ಆಗಿದೆಯಲ್ಲಪ್ಪ!" ಎಂದು ಲೆಕ್ಕಿಗರು ತೊಡೆ ತಟ್ಟಿ ನಕ್ಕರು. ಶೆಡ್ಡೆಲ್ಲ ನಕ್ಕಿತು.

"ಬೆಳಿಗ್ಗೆ ನಾನೇ ನೋಡಿದ್ದೆ ಸಾರ್. ಸರಿಯಾಗಿತ್ತು ಸಾರ್," ಎಂದ ಕೋಟಿನವನು. ಪೆಟ್ಟಿಗೆ ಬಿಚ್ಚಲು ಹೋದ. ಅವಸರಕ್ಕೆ ಸ್ಕ್ರೂ ಕೈಜಾರಿ ಮರಳಿನಲ್ಲಿ ಬಿತ್ತು. ಮೊಣಕಾಲೂರಿ ಹುಡುಕತೊಡಗಿದ.

"ಸಾಕು ಬಿಡಯ್ಯ," ಎಂದರು ಮ್ಯಾನೇಜರು. "ಉಗ್ರಾಣಿ, ನೀನೇನ್ ಹೇಳ್ತೀಯ?"

ಉಗ್ರಾಣಿ ಗಂಟಲು ಸರಿಮಾಡಿಕೊಂಡು, ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಭಾಷಣ ಒಪ್ಪಿಸಿದ. "ಸರ್, ಯಂತ್ರದ ಬಾಯಿಗಿಂತ ಮನುಷ್ಯನ ಕಣ್ಣು ಮೇಲು. ಗುಂಡು ಮುಖದ್ದನ್ನೇ ತಗೊಳ್ಳೋಣ. ಅದನ್ನ ನೋಡೋಕೆ ಅನುಭವಸ್ಥರೊಬ್ಬರು ಯಾವಾಗಲೂ ಅಲ್ಲೇ ಇರಬೇಕು. ಅಂಥವರು ನಮ್ಮಲ್ಲಿದ್ದಾರೆ."

"ಭಲೇ!" ಎಂದು ಮ್ಯಾನೇಜರು ಅಲ್ಲೇ ಒಪ್ಪಿಗೆ ಕೊಟ್ಟರು. ಕೋಟಿನವನು ಪೆಟ್ಟಿಗೆಯನ್ನು ಬಟ್ಟೆಯಲ್ಲಿ ಸುತ್ತಿ, ಬೂಟಿನ ಮರಳು ಸುರಿದುಕೊಂಡು, ಯಾರಿಗೂ ಏನೂ ಹೇಳದೆ ಗೇಟು ದಾಟಿದ. ಅವನ ಬೆನ್ನು ನೋಡಲಾಗದೆ ಉಗ್ರಾಣಿ ನೆಲ ನೋಡಿದ. ಆದರೆ ಒಳಗೊಳಗೆ ಅವನಿಗೊಂದು ನೆಮ್ಮದಿ. ಭಾವನಿಗೆ ತಿಳಿಯದಂತೆ ಭಾವನ ಅನ್ನ ಉಳಿಸಿದ್ದ. ಅಮ್ಮ ಇದ್ದಿದ್ದರೆ ತಲೆ ಸವರುತ್ತಿದ್ದಳು.

ಕದ್ದು ಒಮ್ಮೆ ಭಾವನತ್ತ ನೋಡಿದ. ಭಾವನ ಮುಖ ಬಿಳಿಚಿಕೊಂಡಿತ್ತು.

"ಒಳ್ಳೇ ಗಳಿಗೆ. ಈಗಲೇ ಹೊಸದೊಂದನ್ನ ಹಾಕಿಬಿಡೋಣ," ಎಂದರು ಮ್ಯಾನೇಜರು. ಮಾರಾಟಗಾರ ಚೀಲದಿಂದ ಹೊಚ್ಚ ಹೊಸದೊಂದನ್ನು ತೆಗೆದುಕೊಟ್ಟ. ಮೇಸ್ತ್ರಿ ಅದರ ಕಡ್ಡಿಯನ್ನು ಮೂರನೇ ಡ್ರಮ್ಮಿಗೆ ಇಳಿಸಿ ಬಿಗಿದ. ಗಾಜಿಗೆ ಗೀರು ಬೀಳಬಾರದೆಂದು ಅದರ ಮುಖದ ಮೇಲೆ ಕಂದು ಕಾಗದ ಅಂಟಿಸಿತ್ತು. ಕಾಗದ ಕೀಳಲೆಂದು ಉಗ್ರಾಣಿ ಕೈ ನೀಡಿದ. ಅಷ್ಟರಲ್ಲಿ ಮ್ಯಾನೇಜರು ಅವನನ್ನು ಹಿಂದಕ್ಕೆ ಸರಿಸಿ, "ಮೊದಲು ನಮ್ಮ ಡ್ರಮ್ಮಿನವರು ನೋಡ್ಲಿ. ಬನ್ನಿ ಇವ್ರೇ. ಎಷ್ಟಿದೆ ಹೇಳಿ," ಎಂದರು.

ಭಾವ ಎದ್ದು ಬಂದ. ಒಂದು ಕೈಯಿಂದ ಡ್ರಮ್ಮಿನ ಅಂಚು ಸವರಿ, ಬಾಗಿ, ಹೂವು ಮೂಸುವವನಂತೆ ಮೂಗನ್ನು ಆ ಕಂದು ಕಾಗದದ ಹತ್ತಿರ ಒಯ್ದ. ತುಸು ಹೊತ್ತು ಹಾಗೇ ಇದ್ದ. ಆಮೇಲೆ ನೆಟ್ಟಗಾಗಿ, ಗಟ್ಟಿ ದನಿಯಲ್ಲಿ ಹೇಳಿದ:

"ಎಂಬತ್ತೆರಡು, ಸರ್. ತುಂಬ ಚೆನ್ನಾಗಿ ಕಾಣ್ತಿದೆ."

ಮೊದಲು ನಕ್ಕವನು ಮೇಸ್ತ್ರಿ. "ನೋಡಿದ್ರಾ ಸರ್, ನಮ್ಮ ಡ್ರಮ್ಮಿನವರ ತಮಾಷೆ!" ಎಂದ. ಲೆಕ್ಕಿಗರು ನಕ್ಕರು. ಮೇಡಂ ನಗಲಿಲ್ಲ. ಭಾವನೂ ನಗಲಿಲ್ಲ. ಎಲ್ಲರೂ ಯಾಕೆ ನಗುತ್ತಿದ್ದಾರೆಂದು ತಿಳಿಯದೆ, ನಗೆ ಬಂದ ಕಡೆಗೆಲ್ಲ ಮುಖ ತಿರುಗಿಸುತ್ತಿದ್ದ. ಆ ಮುಖ ಕಂಡವರ ನಗೆ ಒಂದೊಂದಾಗಿ, ಗಾಳಿಗೆ ಸಿಕ್ಕ ದೀಪಗಳಂತೆ ಆರಿತು.

ಉಗ್ರಾಣಿಯ ಕಣ್ಣೆದುರು ಆ ದಿನವೆಲ್ಲ ಹಿಂದುಮುಂದಾಗಿ ತಿರುಗಿತು. ಡಬ್ಬಿಯ ಹಗ್ಗದ ಗಂಟು. ದೀಪ ಹಚ್ಚದ ಕೋಣೆ. ದಿನವೂ ಇದ್ದಲ್ಲೇ ಇರುವ ಕಂಬ, ಎಂದೂ ಎದುರಿಗೆ ನಿಲ್ಲದ ತಾನು. ಊಟದ ತಟ್ಟೆಯಷ್ಟು ಅಗಲವಾಗಿದ್ದ ಹಳೆಯ ಥರ್ಮಾಮೀಟರು. ಹಳದಿಯಾದ ಮೇಣ.

"ತಮಾಷೆ ಸರ್, ತಮಾಷೆ!" ಎಂದು ಅವನು ಮುಂದೆ ನುಗ್ಗಿದ. "ನಮ್ಮ ಭಾವ ಯಾವಾಗಲೂ ಹೀಗೇ." ಆ ಶೆಡ್ಡಿನಲ್ಲಿ ಅವನು ಭಾವ ಎಂಬ ಮಾತಾಡಿ ಮೂರು ವರ್ಷವಾಗಿತ್ತು.

ಮ್ಯಾನೇಜರು ತಮ್ಮ ಕೈಯನ್ನು ಭಾವನ ಕಣ್ಣೆದುರು ಮೆಲ್ಲನೆ ಆಡಿಸಿದರು. ರೆಪ್ಪೆ ಕದಲಲಿಲ್ಲ.

"ಎಷ್ಟು ದಿನದಿಂದ ಹೀಗೆ?" ಎಂದರು. ಅವರ ದನಿ ಇಳಿದಿತ್ತು.

"ಬೆಳಕು ಗೊತ್ತಾಗುತ್ತೆ ಸರ್. ಒಮ್ಮೊಮ್ಮೆ ಆಕಾರ ಗೊತ್ತಾಗುತ್ತೆ. ಹಳೇದು ದೊಡ್ಡದಿತ್ತು, ಹತ್ತಿರದಿಂದ ಹೇಗೋ ಕಾಣ್ತಿತ್ತು. ಕಣ್ಣಿನ ನರ ಒಣಗ್ತಿದೆ, ಇದಕ್ಕೆ ದಾರಿಯಿಲ್ಲ ಅಂದ್ರು ಡಾಕ್ಟ್ರು. ಕೂಗೋದು ಬಂದ್ರೆ ಕಿವಿಯಲ್ಲೇ ನಡೆಸ್ಕೊಂಡು ಹೋಗ್ಬಹುದು ಅಂತ..." ಭಾವ ಮಾತು ಮುಗಿಸಲಿಲ್ಲ.

ಉಗ್ರಾಣಿ ಮ್ಯಾನೇಜರ ಕೈ ಹಿಡಿದುಕೊಂಡ. "ಸರ್, ಕೂಗೋದು ಕೆಟ್ಟಿರಲಿಲ್ಲ. ಸರಳು ಸ್ವೆಟರಿಗೆ ಸಿಕ್ಕಿಸಿದವನು ನಾನು. ತಂತಿ ಅದಲು ಬದಲು ಮಾಡಿದವನು ನಾನು. ಆ ಕೋಟಿನವರನ್ನ ಕರೆಸಿ ಸರ್. ದಮ್ಮಯ್ಯ, ಅದನ್ನೇ ತಗೊಳ್ಳಿ."

ಮ್ಯಾನೇಜರು ಅವನ ಭುಜ ತಟ್ಟಿದರು. "ನಿನ್ನ ಮನಸ್ಸು ದೊಡ್ಡದು ಕಣಯ್ಯ. ಭಾವನಿಗೋಸ್ಕರ ಇಷ್ಟು ದೊಡ್ಡ ಸುಳ್ಳನ್ನ ಮೈಮೇಲೆ ಎಳ್ಕೊಳ್ತಿದ್ದೀಯ. ಆದ್ರೆ ಕುದಿಯೋ ನೀರಲ್ಲಿ ಅದು ತೋರಿಸಿದ್ದನ್ನ ನಾನೇ ಕಣ್ಣಾರೆ ನೋಡಿದ್ದೀನಲ್ಲ."

"ಸುಳ್ಳಲ್ಲ ಸರ್!"

"ಸರಿ, ಸರಿ. ಕಣ್ಣು ಕಾಣದವರನ್ನ ಬಿಸಿ ಡ್ರಮ್ಮಿನ ಹತ್ತಿರ ಬಿಟ್ಟು ನಾನು ನಿದ್ದೆ ಮಾಡೋದು ಹೇಗೆ, ನೀನೇ ಹೇಳು. ಅವರು ನಾಳೆಯಿಂದ ಮನೆಯಲ್ಲಿ ವಿಶ್ರಾಂತಿ ತಗೊಳ್ಲಿ. ಯಂತ್ರಕ್ಕಿಂತ ಮನುಷ್ಯನ ಕಣ್ಣು ಮೇಲು ಅಂದೆಯಲ್ಲ, ಎಷ್ಟು ಸತ್ಯವಾದ ಮಾತು! ಆ ಸ್ಟೂಲಿನ ಮೇಲೆ ನಾಳೆಯಿಂದ ನಿನ್ನ ಕಣ್ಣೇ ಇರಲಿ. ಉಗ್ರಾಣದ ಬೀಗದಕೈ ಲೆಕ್ಕದವರಿಗೆ ಕೊಡು."

ಲೆಕ್ಕಿಗರು ಕೈ ಚಾಚಿದರು. ಉಗ್ರಾಣಿ ಬೀಗದಕೈ ಕೊಟ್ಟ. ಬೀಗದಕೈಯಿಲ್ಲದ ಉಗ್ರಾಣಿಯನ್ನು ಮುಂದೆ ಏನೆಂದು ಕರೆಯುವುದೆಂದು ಮೇಸ್ತ್ರಿಗೂ ತಿಳಿಯಲಿಲ್ಲ.

ಇಬ್ಬರೂ ಒಟ್ಟಿಗೆ ಗೇಟು ದಾಟಿದರು. ಸ್ವಲ್ಪ ದೂರ ಭಾವ ಗೋಡೆಯ ಬದಿಯಲ್ಲಿ ನಡೆದ. ಆಮೇಲೆ ಗೋಡೆ ಮುಗಿದಲ್ಲಿ ನಿಂತು, ಕೈ ನೀಡಿ, ಭಾವಮೈದುನನ ಭುಜ ಹಿಡಿದುಕೊಂಡ.

"ಬೆಳಿಗ್ಗೆ ಆ ಸರಳು ಎತ್ತಿದ್ದು ನೀನೇ ಅಂತ ನನಗೆ ಗೊತ್ತಿತ್ತು."

"ಹೇಗೆ?"

"ನಿನ್ನ ಎಡಗಾಲಿನ ಚಪ್ಪಲಿ ಕಿರ್ ಅನ್ನುತ್ತೆ."

"ಮತ್ತೆ ಯಾಕೆ ಹೇಳ್ಲಿಲ್ಲ ಭಾವ?"

"ನಿನ್ನ ಸಿಟ್ಟು ಇನ್ನೂ ತೀರಿಲ್ಲ, ತೀರಿಸ್ಕೊಳ್ತಿದ್ದೀಯ ಅಂದ್ಕೊಂಡೆ. ತೀರಿಸ್ಕೊಳ್ಲಿ ಬಿಡು ಅಂತ ಸುಮ್ನಾದೆ."

ಉಗ್ರಾಣಿ ನಿಂತುಬಿಟ್ಟ. ಅಕ್ಕ ಬೆಳಿಗ್ಗೆ ಅತ್ತದ್ದನ್ನು, ತಾನು ಮಾತು ಕೊಟ್ಟದ್ದನ್ನು ತಡವರಿಸುತ್ತ ಹೇಳಿದ. ಭಾವ ತಲೆ ವಾಲಿಸಿ ಕೇಳಿದ. ಆಮೇಲೆ ಅವನ ಭುಜ ಅಲುಗಿತು. ಅಳುತ್ತಿದ್ದಾನೆಂದು ಉಗ್ರಾಣಿ ಹೆದರಿದ. ಭಾವ ನಗುತ್ತಿದ್ದ.

"ನನ್ನ ಕೆಲಸ ಉಳಿಸೋಕೆ ನೀನು ಕೂಗೋದನ್ನ ಕೆಡಿಸಿದೆ, ನಾನು ಗುಂಡು ಮುಖದ್ದನ್ನ ಬಚ್ಚಿಟ್ಟೆ. ಇಬ್ಬರೂ ಸೇರಿ ಚೆನ್ನಾಗೇ ಉಳಿಸಿದ್ವಿ ಬಿಡು." ನಗೆ ನಿಂತಿತು. "ಅತ್ತೆ ಹೋದ ದಿನ... ಡ್ರಮ್ಮು ನಾನು ಆಗಲೇ ಬಿಟ್ಟು ಹೊರಟಿದ್ದೆ ಕಣೋ. ಮುಸ್ಸಂಜೆಯಾಗಿತ್ತು. ಬಸ್ಸಿನ ಬೋರ್ಡು ಕಾಣಿಸ್ಲಿಲ್ಲ. ಕೇಳೋಕೆ ನಾಚಿಕೆ. ಯಾವುದೋ ಬಸ್ಸು ಹತ್ತಿ ಊರಿನ ಆ ತುದಿಗೆ ಹೋಗಿಬಿಟ್ಟೆ. ಬಂದವನು, ಕಣ್ಣು ಕಾಣಲ್ಲ ಅನ್ನೋದಕ್ಕಿಂತ ಡ್ರಮ್ಮು ಅನ್ನೋದು ಸುಲಭ ಅನ್ನಿಸ್ತು."

ಮಧ್ಯಾಹ್ನದಿಂದ ಭಾವನ ಅಂಗಿಯ ಮೇಲೆ ಒಣಗಿ ಅಂಟಿದ್ದ ಅಗುಳನ್ನು ಉಗ್ರಾಣಿ ಕೈಯಿಂದ ಕೊಡವಿದ.

ಮನೆಯ ತಿರುವಿನಲ್ಲಿ ಭಾವ, "ಅವಳಿಗೆ ಇವತ್ತೇ ಹೇಳ್ಬೇಡ," ಎಂದ.

ಆದರೆ ಸುದ್ದಿ ಆಗಲೇ ಗೋಡೆ ಹಾರಿ ಬಂದಿತ್ತು, ಅದೂ ಅರ್ಧ ಮಾತ್ರ. ಕೈಗೆ ಬೀಗದಕೈ ಬಂದ ಖುಷಿಯಲ್ಲಿ ಲೆಕ್ಕಿಗರು ಹೆಂಡತಿಗೆ ಫೋನು ಮಾಡಿ, ಗುಂಡು ಮುಖದ್ದೇ ಆಯ್ಕೆಯಾಯಿತೆಂದು ಹೇಳಿ ಮಿಕ್ಕದ್ದನ್ನು ನುಂಗಿಕೊಂಡಿದ್ದರು. ಅಕ್ಕ ಬಾಗಿಲಲ್ಲೇ ನಿಂತಿದ್ದಳು. ಗಂಡನ ಕೈ ತಮ್ಮನ ಭುಜದ ಮೇಲಿರುವುದನ್ನು ಕಂಡು ಅವಳ ಕಣ್ಣು ತುಂಬಿತು.

"ಡಬ್ಬಿ ಬಿಸಿಯಾಗಿತ್ತಾ?" ಎಂದಳು, ಬೇರೇನೂ ತೋಚದೆ.

"ಬಿಸಿಯಾಗಿತ್ತು," ಎಂದರು ಇಬ್ಬರೂ ಒಟ್ಟಿಗೆ.

ಊಟಕ್ಕೆ ಕುಳಿತಾಗ ಅಕ್ಕ ಅಭ್ಯಾಸಬಲದಿಂದ ದುಭಾಷಿಯ ಜಾಗದಲ್ಲಿ, ಇಬ್ಬರ ನಡುವೆ ಕುಳಿತಳು. ಭಾವ ಅವಳನ್ನು ದಾಟಿ ನೇರವಾಗಿ, "ಉಪ್ಪು ಕೊಡೋ," ಎಂದ. ಅಕ್ಕ ಬೆರಗಾಗಿ ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡಿದಳು. ಇನ್ನು ತನ್ನ ಕೆಲಸವಿಲ್ಲವೆಂದು ನಗುತ್ತ, ಕಣ್ಣೊರೆಸಿಕೊಂಡು, ಎದ್ದು ಪಕ್ಕಕ್ಕೆ ಸರಿದಳು.

"ಇಷ್ಟು ಒಳ್ಳೇ ದಿನ ಈ ಮನೆಗೆ ಬಂದು ಎಷ್ಟು ಕಾಲವಾಯ್ತು!" ಎಂದಳು.

ತಮ್ಮ ಉಪ್ಪಿನ ಬಟ್ಟಲನ್ನು ಭಾವನ ತಟ್ಟೆಯ ಪಕ್ಕದಲ್ಲಿಡಲಿಲ್ಲ. ಅವನ ಕೈ ಹಿಡಿದು, ಬೆರಳುಗಳನ್ನು ಬಿಡಿಸಿ, ಅಂಗೈಯೊಳಗೆ ಇಟ್ಟ.